ಜಾಲರಿಯ ತೂತು 3 ಮಿ.ಮೀ., ಪಂಪಿನಲ್ಲಿ ಸಿಕ್ಕಿದ್ದು ಶಾಂಪೂ ಪ್ಯಾಕೆಟ್

ಪ್ರಶ್ನೆ (ಹಾಸ್ಟೆಲ್ ಎಸ್‌ಟಿಪಿ ಆಪರೇಟರ್, ಕಲಬುರಗಿ):

ನಮಸ್ಕಾರ ಸರ್. ಕಲಬುರಗಿಯ ಒಂದು ಹಾಸ್ಟೆಲಿನ ಚರಂಡಿ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ನೋಡಿಕೊಳ್ಳುತ್ತೇನೆ. ಸುಮಾರು 1,100 ಮಂದಿ ಇದ್ದಾರೆ, ಹುಡುಗಿಯರೇ ಜಾಸ್ತಿ. ಚರಂಡಿ ನೀರು ಮೊದಲು ಕಂಬಿ ಜಾಲರಿ ದಾಟಿ, ಆಮೇಲೆ ತಿರುಗುವ ಡ್ರಮ್ ಸ್ಕ್ರೀನಿಗೆ ಬರುತ್ತದೆ. ನೀರು ಡ್ರಮ್ಮಿನ ಒಳಗೆ ಬಿದ್ದು ಜಾಲರಿಯಿಂದ ಹೊರಗಿಳಿಯುವ ಮಾದರಿ ಅದು. 3 ಮಿ.ಮೀ. ದುಂಡು ತೂತು. ಬೆಳಿಗ್ಗೆ 6ರಿಂದ 9ರವರೆಗೆ ನೀರು ಇಳಿಯುವುದೇ ಇಲ್ಲ. ತುಂಬಿ, ಜಾಲರಿ ತಪ್ಪಿಸಿ ಹೋಗುವ ಬೈಪಾಸ್ ದಾರಿಯಿಂದ ಹೋಗಿಬಿಡುತ್ತದೆ. ಮುಂದಿನ ಪಂಪ್ ವಾರಕ್ಕೆ ಎರಡು ಸಲ ಕಟ್ಟಿಕೊಳ್ಳುತ್ತದೆ. ಬಿಚ್ಚಿದರೆ ಕೂದಲು, ಶಾಂಪೂ ಪ್ಯಾಕೆಟ್, ಪ್ಯಾಡಿನ ಚೂರು. ಮೆಕ್ಯಾನಿಕ್ "ತೂತು ಸಣ್ಣದಾಯ್ತು, 6 ಮಿ.ಮೀ. ಜಾಲರಿ ಹಾಕಿಸಿಬಿಡಿ" ಅಂತಾನೆ. ಆಫೀಸಿನವರು "ಯಾರನ್ನಾದರೂ ಒಳಗಿಳಿಸಿ ತಿಕ್ಕಿಸು" ಅಂತಾರೆ. ಏನು ಮಾಡಲಿ?

ಉತ್ತರ:

ಮೊದಲು ಆಫೀಸಿನವರ ಮಾತಿಗೆ ಉತ್ತರ ಕೊಡ್ತೀನ್ರಿ. ಯಾರನ್ನೂ ಇಳಿಸಬೇಡಿ. ನೀವೂ ಇಳಿಯಬೇಡಿ. ಆ ಚೇಂಬರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಗಾಳಿ ನಿಂತಿರಬಹುದು. ಅದು ಗಾಳಿಗಿಂತ ಭಾರ, ತಳಕ್ಕೆ ಕೂರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಸುತ್ತಮುತ್ತ ಹೋದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಇಲ್ಲ ಅನ್ನಿಸುತ್ತದೆ. "ಈಗ ವಾಸನೆ ಹೋಯ್ತು, ಇಳೀತೀನಿ" ಅಂದವರು ಸಾಯುವುದುಂಟು. ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯ ಸಾಮಾನಿಲ್ಲದೆ ಜನರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆಫೀಸಿನವರಿಗೆ ಇಷ್ಟನ್ನೂ ಬರೆದು ಕೊಡಿ, ಬಾಯಿಮಾತಲ್ಲಿ ಬಿಡಬೇಡಿ. ಡ್ರಮ್ ಸ್ಕ್ರೀನನ್ನು ಮೇಲಿನಿಂದಲೇ ತೊಳೆಯಬಹುದು. ಹಾಗೆ ತೊಳೆಯುವಾಗಲೂ ಪ್ಯಾನೆಲ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಟೈಮರ್ ಮೇಲೆ ಓಡುವ ಡ್ರಮ್ ಕೈ ಒಳಗಿರುವಾಗಲೇ ತಿರುಗಿಬಿಡಬಹುದು.

ಈಗ ಮೆಕ್ಯಾನಿಕ್ ಮಾತು. 3 ಮಿ.ಮೀ. ತೂತಿನಲ್ಲಿ ಶಾಂಪೂ ಪ್ಯಾಕೆಟ್ ಹೇಗೆ ಹೋಯಿತು? ಹೋಗೋದಿಲ್ಲ ಅಲ್ವಾ? ಅಂದರೆ ಅದು ಜಾಲರಿಯಿಂದ ಬಂದೇ ಇಲ್ಲ. ಬೇರೆ ದಾರಿಯಿಂದ ಬಂದಿದೆ. ದಾರಿ ಎರಡೇ. ಒಂದು, ಬೆಳಿಗ್ಗೆ ತುಂಬಿ ಹರಿಯುವ ಬೈಪಾಸ್. ಇನ್ನೊಂದು, ಸೀಲ್. ನೀರು ಒಳಗೆ ಬರುವ ಕಡೆ, ತಿರುಗುವ ಡ್ರಮ್ಮಿಗೂ ನಿಂತ ಫ್ರೇಮಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದು ಸವೆದು ಒಂದು ಬೆರಳು ಹೋಗುವಷ್ಟು ಸಂದು ಬಿದ್ದರೆ, ಜಾಲರಿ 3 ಇರಲಿ 1 ಇರಲಿ, ಕಸ ಆ ಸಂದಿನಿಂದ ಆರಾಮಾಗಿ ದಾಟುತ್ತದೆ. 6 ಮಿ.ಮೀ. ಹಾಕಿದರೆ ತುಂಬುವುದು ಸ್ವಲ್ಪ ಕಡಿಮೆಯಾಗಬಹುದು. ಆದರೆ ಈಗ ತಡೆಯುತ್ತಿರುವ ಕೂದಲೂ ಆಗ ಪಂಪಿಗೇ ಬರುತ್ತದೆ.

ಮನೆಯಲ್ಲಿ ಜೋಳದ ಹಿಟ್ಟು ಸಾಣಿಸೋದು ನೋಡಿದ್ದೀರಲ್ಲ. ಹಿಟ್ಟು ಸ್ವಲ್ಪ ಹಸಿಯಾದರೆ ಸಾಣಿಗೆಗೆ ಮೆತ್ತಿಕೊಳ್ಳುತ್ತದೆ. ಅಮ್ಮ ಸಾಣಿಗೆ ಬದಲಿಸೋದಿಲ್ಲ, ಅಂಚಿಗೆ ಎರಡು ಏಟು ಕೊಡ್ತಾಳೆ. ಡ್ರಮ್ಮಿಗೆ ಆ ಏಟು ಕೊಡೋದು ಮೇಲಿನ ಸ್ಪ್ರೇ ಪೈಪು. ಹೊರಗಿನಿಂದ ಒಳಕ್ಕೆ ನೀರು ಹೊಡೆದು, ತೂತಿನಲ್ಲಿ ಸಿಕ್ಕಿದ್ದನ್ನು ವಾಪಸ್ ಒಳಗೆ ಬೀಳಿಸಬೇಕು. ಆಮೇಲೆ ಒಳಗಿನ ಸುರುಳಿ ಪಟ್ಟಿ ಆ ಕಸವನ್ನು ಮುಂದಕ್ಕೆ ತಳ್ಳಿ ಹೊರಹಾಕುತ್ತದೆ. ನನ್ನ ಅನುಮಾನ ಸ್ಪ್ರೇ ಮೇಲಿದೆ.

ಮೂರು ಕೆಲಸ ಮಾಡಿ ಹೇಳಿ. ಒಂದು: ರಾತ್ರಿ ನೀರು ಕಡಿಮೆ ಇದ್ದಾಗ, ಬೈಪಾಸ್ ಹರಿಯದ ಹೊತ್ತಿನಲ್ಲಿ, ಡ್ರಮ್ ದಾಟಿ ಬರುವ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ ಒಂದು ಗಂಟೆ ಬಿಡಿ. ಪಕ್ಕದಲ್ಲೇ ಇರಿ, ನೀರು ಹಿಂದಕ್ಕೆ ನಿಂತರೆ ತಕ್ಷಣ ಬಿಚ್ಚಿ. 3 ಮಿ.ಮೀ.ಗಿಂತ ದೊಡ್ಡದು ಏನಾದರೂ ಸಿಕ್ಕರೆ ಸೀಲೇ ಕಳ್ಳ. ಎರಡು: ಸ್ಪ್ರೇ ಚಾಲೂ ಮಾಡಿ, ಒಟ್ಟು ಎಷ್ಟು ನಾಝಲ್ (ನೀರು ಚಿಮ್ಮುವ ಮೂತಿ), ಎಷ್ಟರಿಂದ ಬೀಸಣಿಗೆ ಥರ ನೀರು ಬರುತ್ತಿದೆ ಎಣಿಸಿ. ಮೂರು: ಸ್ಪ್ರೇಗೆ ಯಾವ ನೀರು ಕೊಡ್ತಿದ್ದೀರಿ?

ಅದೇ ಆಪರೇಟರ್, ಎರಡು ದಿನದ ನಂತರ:

ಸರ್, ಪರದೆಯಲ್ಲಿ ಬಿಂದಿ ಕಾರ್ಡಿನ ಒಂದು ಮೂಲೆ, ಬಿಸ್ಕತ್ ಪ್ಯಾಕೆಟಿನ ಚೂರು, ಒಂದು ಹಿಡಿ ಕೂದಲು ಸಿಕ್ಕಿತು. ರಾತ್ರಿ 11 ಗಂಟೆಗೆ, ಬೈಪಾಸ್ ಪೂರ್ತಿ ಒಣಗಿತ್ತು. ನಾಝಲ್ ಒಟ್ಟು 14. ಅದರಲ್ಲಿ 9ರಿಂದ ನೀರೇ ಇಲ್ಲ, 2 ಸುಮ್ನೆ ತೊಟ್ಟಿಕ್ಕುತ್ತವೆ. ಆದರೆ ಗೇಜಿನಲ್ಲಿ ಪ್ರೆಶರ್ 4 ಬಾರ್ ತೋರಿಸುತ್ತಿತ್ತಲ್ಲ, ಅದಕ್ಕೇ ಸರಿ ಇದೆ ಅಂದುಕೊಂಡಿದ್ದೆ. ನೀರು ಮೆಸ್ಸಿನ ಆರ್‌ಒ ಮಶೀನಿನ ವೇಸ್ಟ್. ಸುಮ್ಮನೆ ಹರಿದು ಹೋಗುತ್ತಲ್ಲ ಅಂತ ಇದಕ್ಕೆ ಜೋಡಿಸಿದ್ದಾರೆ.

ಉತ್ತರ:

ಅಲ್ಲೇ ಸಿಕ್ಕಿತು ನೋಡಿ. ನಮ್ಮ ಕಡೆ ನೆಲದಡಿ ಏನಿದೆ? ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಅಂತ ಮನೆಗೆ ಹಾಸುತ್ತೇವಲ್ಲ, ಅದೇ. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿ ಬಂದಿರುವುದೂ ಆ ಕಲ್ಲಿಗಾಗಿ. ಅದರೊಳಗಿಂದ ಬಂದ ಬೋರ್ ನೀರು ಮೊದಲೇ ಗಡುಸು. ಆರ್‌ಒ ಮಶೀನು ಸಿಹಿ ನೀರು ತೆಗೆದುಕೊಂಡು, ಉಳಿದ ಉಪ್ಪು, ಸುಣ್ಣವನ್ನೆಲ್ಲ ವೇಸ್ಟ್ ನೀರಿಗೆ ತಳ್ಳುತ್ತದೆ. ಆ ನೀರನ್ನು ಬೇಸಿಗೆಯ ಬಿಸಿಲಲ್ಲಿ ಕಾಯ್ದ ಪೈಪಿನಿಂದ ಸಣ್ಣ ನಾಝಲಿಗೆ ಕೊಟ್ಟರೆ ಕಲ್ಲು ಕಟ್ಟದೆ ಇನ್ನೇನಾಗುತ್ತದೆ? ನೀರು ಉಳಿಸುವ ಮನಸ್ಸು ಒಳ್ಳೆಯದೇ. ಅದನ್ನು ನೆಲ ತೊಳೆಯಲು, ಫ್ಲಶ್ ಟ್ಯಾಂಕಿಗೆ ಬಳಸಲಿ. ಸ್ಪ್ರೇಗೆ ಬೇಡ.

ಗೇಜಿನ ಮಾತು ಎಲ್ಲರೂ ಗಮನಿಸಿ. ನಾಝಲ್ ಕಟ್ಟಿದಷ್ಟೂ ಪೈಪಿನಲ್ಲಿ ಪ್ರೆಶರ್ ಏರುತ್ತದೆ. ನೀರು ಹೊರಗೆ ಹೋಗದಿದ್ದರೆ ಮುಳ್ಳು ಮೇಲೇ ಇರುತ್ತದೆ. ಗೇಜ್ ನೋಡಿ ಸ್ಪ್ರೇ ಸರಿ ಇದೆ ಅನ್ನುವ ಹಾಗಿಲ್ಲ. ಬಾಗಿಲು ತೆಗೆದು ಕಣ್ಣಿಂದಲೇ ನೋಡಬೇಕು.

ನಾಝಲ್ ಬಿಚ್ಚಿ, ನಿಂಬೆ ಉಪ್ಪು ಕಲಸಿದ ಬಿಸಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆ್ಯಸಿಡ್ ಪುಡಿಯೇ ಅದು. ಗುಳ್ಳೆ ಬಂದರೆ ಸುಣ್ಣ ಕರಗುತ್ತಿದೆ ಅಂತ ಅರ್ಥ. ತಂತಿ ಹಾಕಿ ಚುಚ್ಚಬೇಡಿ, ತೂತು ಅಗಲವಾದರೆ ಬೀಸಣಿಗೆ ಕೆಡುತ್ತದೆ. ಅದರ ಹತ್ತಿರ ಬ್ಲೀಚಿಂಗ್ ಪೌಡರ್ ಬರಲೇಬಾರದು. ಎರಡೂ ಕೂಡಿದರೆ ಕ್ಲೋರಿನ್ ಗಾಳಿ ಏಳುತ್ತದೆ.

ಆಮೇಲೆ ಜಾಲರಿ. ಬೆರಳಿಂದ ಒರೆಸಿ ನೋಡಿ, ಜಿಡ್ಡು ಹತ್ತಬಹುದು. 1,100 ಮಂದಿಯ ಮೆಸ್ಸಿನಿಂದ ಬೇಳೆ, ಒಗ್ಗರಣೆ ಎಣ್ಣೆ ಎಲ್ಲ ಬರುತ್ತದಲ್ಲ. ಆ ಜಿಡ್ಡಿನ ಮೇಲೆ ಕೂದಲು ಕೂತು ಕಂಬಳಿಯಾಗುತ್ತದೆ. ದುಂಡು ತೂತಿನಲ್ಲಿ ಕೂದಲು ಇನ್ನೊಂದು ಆಟ ಆಡುತ್ತದೆ. ಒಂದು ತುದಿ ಒಂದು ತೂತಿಗೆ, ಇನ್ನೊಂದು ತುದಿ ಪಕ್ಕದ ತೂತಿಗೆ ಹೋಗಿ, ಸ್ಟೇಪ್ಲರ್ ಪಿನ್ ಹೊಡೆದ ಹಾಗೆ ಹಿಡಿದುಕೊಳ್ಳುತ್ತದೆ. ಅದು ಸ್ಪ್ರೇಗೂ ಬಿಡೋದಿಲ್ಲ. ಡ್ರಮ್ ನಿಲ್ಲಿಸಿ, ಬೀಗ ಹಾಕಿ, ಉದ್ದ ಹಿಡಿಯ ನೈಲಾನ್ ಬ್ರಶ್ಶಿನಿಂದ ಹೊರಗಿನಿಂದ ಉಜ್ಜಿ, 60 ಡಿಗ್ರಿ ಸುತ್ತಮುತ್ತಲಿನ ಬಿಸಿ ನೀರು ಹೊಡೆಯಿರಿ. ತಂತಿ ಬ್ರಶ್ ಬೇಡ, ಸ್ಟೀಲಿಗೆ ಗೀರು ಬಿದ್ದರೆ ಮತ್ತೆ ಅಲ್ಲೇ ಕಸ ಹಿಡಿಯುತ್ತದೆ. ಮೆಸ್ಸಿನ ಗ್ರೀಸ್ ಟ್ರ್ಯಾಪ್ (ಜಿಡ್ಡು ಹಿಡಿದಿಡುವ ತೊಟ್ಟಿ) ಕೊನೆಯ ಸಲ ಯಾವಾಗ ತೆಗೆದು ತೊಳೆದಿರಿ, ಅದನ್ನೂ ಕೇಳಿಕೊಳ್ಳಿ.

ಇನ್ನು ಸೀಲ್. ಹೊಸ ಪಟ್ಟಿ ಹಾಕುವ ಮೊದಲು ಡ್ರಮ್ ಕೂತಿರುವ ನಾಲ್ಕು ಗಾಲಿಗಳನ್ನು ನೋಡಿ. ಒಂದು ಸವೆದಿದ್ದರೂ ಡ್ರಮ್ ಓರೆಯಾಗಿ ಓಡುತ್ತದೆ, ಒಂದು ಕಡೆ ಸೀಲನ್ನು ತಿನ್ನುತ್ತದೆ, ಇನ್ನೊಂದು ಕಡೆ ಸಂದು ಬಿಡುತ್ತದೆ. ಗಾಲಿ ಸರಿ ಮಾಡದೆ ಪಟ್ಟಿ ಬದಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಇದೇ ಪಾಡು.

ಡ್ರಮ್ಮೇ ಚಿಕ್ಕದಿರಬಹುದಾ ಅನ್ನೋದಕ್ಕೂ ಒಂದು ಲೆಕ್ಕ ಹಾಕೋಣ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ 1,100 ಮಂದಿಗೆ ಸುಮಾರು 1.5 ಲಕ್ಷ ಲೀಟರ್. ಅದರಲ್ಲಿ 80% ಚರಂಡಿಗೆ ಅಂದರೆ 1.2 ಲಕ್ಷ. ಗಂಟೆಗೆ ಸರಾಸರಿ 5,000 ಲೀಟರ್. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಹೋಗುವ ಹೊತ್ತಿಗೆ ಮೂರು ಪಟ್ಟು ಹಿಡಿಯಬೇಕು, 15,000. ನಿಮ್ಮ ಡ್ರಮ್ಮಿನ ಪ್ಲೇಟ್ ಮೇಲೆ ಗಂಟೆಗೆ ಎಷ್ಟು ಅಂತ ಬರೆದಿರುತ್ತದೆ. 15,000 ಲೀಟರಿಗಿಂತ ಮೇಲಿದ್ದರೆ ಡ್ರಮ್ಮಿನ ತಪ್ಪಿಲ್ಲ.

ಇನ್ನೊಂದು, ನನಗೆ ಬಹಳ ಮುಖ್ಯ ಅನ್ನಿಸಿದ ಮಾತು. ಪ್ಯಾಡಿನ ಚೂರು ಚರಂಡಿಗೆ ಯಾಕೆ ಬರುತ್ತಿದೆ? ಬಾತ್‌ರೂಮಿನಲ್ಲಿ ಮುಚ್ಚಳವಿರುವ ಡಬ್ಬಿ, ಸುತ್ತಿ ಹಾಕಲು ಹಳೇ ಪೇಪರ್ ಇದೆಯಾ? ಇಲ್ಲದಿದ್ದರೆ ಮಕ್ಕಳು ಏನು ಮಾಡಬೇಕು? ವಾರ್ಡನ್ ಮೇಡಂ ಹತ್ತಿರ ಮಾತಾಡಿ, ಅವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಲ್ಕು ಡಬ್ಬಿಯ ಖರ್ಚು ಒಂದು ಪಂಪ್ ರಿಪೇರಿಗೆ ಸಮನಾಗೋದಿಲ್ಲ.

ಪ್ರಶ್ನೆ (ಕೋಳಿ ಮಾಂಸದ ಯುನಿಟ್, ಬೀದರ್):

ಅಣ್ಣಾ, ನಮ್ಮದು ಪುಕ್ಕ, ಕೊಬ್ಬು, ರಕ್ತ. ದುಂಡು ತೂತೋ, ಉದ್ದ ಸೀಳಿನ ಜಾಲರಿಯೋ?

ಉತ್ತರ:

ನಿಮಗೆ ಸೀಳಿನದು, ವೆಡ್ಜ್ ವೈರ್ ಅಂತಾರಲ್ಲ, ಅದು. ಅದರ ತಂತಿ ತ್ರಿಕೋನ ಆಕಾರದ್ದು. ಮುಖದ ಕಡೆ ಸೀಳು ಕಿರಿದು, ಹಿಂದೆ ಹೋದಂತೆ ಅಗಲ. ಒಳಗೆ ನುಗ್ಗಿದ ಚೂರು ಮಧ್ಯೆ ಸಿಕ್ಕಿಕೊಳ್ಳದೆ ಬಿದ್ದುಹೋಗುತ್ತದೆ. ನೀರು ಡ್ರಮ್ಮಿನ ಮೇಲೆ ಸುರಿದು, ಹೊರಮೈಯಲ್ಲಿ ನಿಂತ ಪುಕ್ಕವನ್ನು ಬ್ಲೇಡು ಕೆರೆದು ತೆಗೆಯುವ ಮಾದರಿ ನಿಮಗೆ ಅನುಕೂಲ. ಒಳಗಿಳಿದ ನೀರು ಕೆಳಭಾಗದಿಂದ ಬೀಳುವಾಗ ಜಾಲರಿಯನ್ನು ತಾನೇ ತೊಳೆಯುತ್ತದೆ. ಕೂದಲು, ದಾರ ಜಾಸ್ತಿ ಇರುವ ಕಡೆ ಸೀಳು ಅಷ್ಟು ಒಳ್ಳೆಯದಲ್ಲ. ಅವು ಉದ್ದುದ್ದ ನುಸುಳುತ್ತವೆ.

ತೊಳೆಯುವಾಗ ಒಂದು ನೆನಪಿಡಿ. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊದಲೇ ಬಿಸಿ ಹೊಡೆದರೆ ರಕ್ತ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಸೀಳಿನಲ್ಲಿ ಕೂರುತ್ತದೆ. ರಕ್ತವನ್ನು ಕೊಯ್ಯುವ ಜಾಗದಲ್ಲೇ ಬೇರೆ ಹಿಡಿದರೆ ಮುಂದಿನ ಅರ್ಧ ಕಷ್ಟ ಇರೋದಿಲ್ಲ.

ಪ್ರಶ್ನೆ (ಯಾದಗಿರಿ):

ಸ್ಕ್ರೀನಿನಿಂದ ಬಂದ ಕಸ ಏನು ಮಾಡಬೇಕ್ರಿ? ನಮ್ಮಲ್ಲಿ ಹಿಂದುಗಡೆ ರಾಶಿ ಹಾಕಿ ಬೆಂಕಿ ಹಚ್ಚುತ್ತಾರೆ.

ಉತ್ತರ:

ಹಚ್ಚಬಾರದು. ಅದರಲ್ಲಿ ಪ್ಲಾಸ್ಟಿಕ್ ಇರುತ್ತದೆ, ಹೊಗೆ ನಿಮ್ಮವರ ಎದೆಗೇ ಹೋಗುತ್ತದೆ. ಗೊಬ್ಬರಕ್ಕೂ ಸೇರಿಸಬೇಡಿ, ಮಲದ ಅಂಶ ಇರುತ್ತದೆ. ತೂತಿನ ತಳವಿರುವ ಬುಟ್ಟಿಗೆ ಹಾಕಿ, ಸೋರಿದ ನೀರು ಮತ್ತೆ ಚೇಂಬರಿಗೇ ಹೋಗುವಂತೆ ಮಾಡಿ. ಹಸಿ ಕಸದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಬಸಿದರೆ ರಾಶಿ ಇಳಿಯುತ್ತದೆ. ಮೇಲೆ ಸುಣ್ಣದ ಪುಡಿ ಉದುರಿಸಿ, ಮುಚ್ಚಳ ಹಾಕಿ, ನಗರಸಭೆ ಗಾಡಿಗೆ ಬೇರೆ ಚೀಲದಲ್ಲೇ ಕೊಡಿ. ಕೈಗವಸು, ಬೂಟು ಇಲ್ಲದೆ ಯಾರೂ ಮುಟ್ಟದಿರಲಿ.

ಕಲಬುರಗಿ ಆಪರೇಟರ್, ಮೂರು ವಾರದ ನಂತರ:

ಸರ್, 14 ನಾಝಲ್ಲೂ ನೀರು ಹೊಡೆಯುತ್ತಿವೆ. ಸ್ಪ್ರೇಗೆ ಈಗ ಫಿಲ್ಟರ್ ದಾಟಿದ ನಮ್ಮದೇ ಶುದ್ಧ ಮಾಡಿದ ನೀರು. ಬೈಪಾಸ್ ಎರಡು ವಾರದಿಂದ ಒಣಗಿದೆ. ಪ್ಲೇಟ್ ಮೇಲೆ ಗಂಟೆಗೆ 25,000 ಲೀಟರ್ ಅಂತ ಇದೆ. ಬಲಗಡೆ ಹಿಂದಿನ ಗಾಲಿ ಅರ್ಧ ಸವೆದಿತ್ತು, ಬದಲಿಸಿದೆವು, ಸೀಲೂ ಹೊಸದು. ನಿನ್ನೆ ರಾತ್ರಿ ಪರದೆ ಕಟ್ಟಿದೆ, ನಾಲ್ಕು ಎಳೆ ಕೂದಲು ಬಿಟ್ಟರೆ ಏನೂ ಇಲ್ಲ. ಹುಡುಗಿಯರ ಬ್ಲಾಕಿಗೆ ವಾರ್ಡನ್ ಮೇಡಂ ಡಬ್ಬಿ ತರಿಸಿದ್ದಾರೆ.

ಉತ್ತರ:

ಬಹಳ ಸಂತೋಷವಾಯ್ತು. ಶುದ್ಧ ಮಾಡಿದ ನೀರಾದರೂ ಅದರಲ್ಲಿ ಸಣ್ಣ ಕೆಸರು ಇರುತ್ತದೆ. ಸ್ಪ್ರೇ ಪಂಪಿಗೂ ನಾಝಲಿಗೂ ನಡುವೆ ಕೆಸರು ತಡೆಯುವ ಒಂದು ಸ್ಟ್ರೇನರ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಸೋಮವಾರ ಸೋಮವಾರ ಬಾಗಿಲು ತೆಗೆದು ನಾಝಲ್ ಎಣಿಸಿ, ರಿಜಿಸ್ಟರಿನಲ್ಲಿ ಆ ಸಂಖ್ಯೆ ಬರೆಯಿರಿ. 12ಕ್ಕೆ ಇಳಿದ ದಿನ ನಿಂಬೆ ಉಪ್ಪು ತರಿಸಿ. ಮತ್ತೆ, ಗ್ರೀಸ್ ಟ್ರ್ಯಾಪಿನ ವಿಷಯ ನೀವು ಬರೆಯಲೇ ಇಲ್ಲ. ಅದರ ಮುಚ್ಚಳ ತೆಗೆದು ಒಂದು ಫೋಟೋ ಹಾಕಿ, ನೋಡಿ ಹೇಳ್ತೀನಿ.