ರೂಪಾಯಿ ನುಂಗಿದ್ದಾನೆ, ಎಷ್ಟು ದಿನ ಕಾಯಬೇಕು?

ಶಿರಸಿ ಹತ್ತಿರದ ಹಳ್ಳಿಯಿಂದ, ಒಬ್ಬ ತಾಯಿ:
ನಾಲ್ಕು ವರ್ಷದ ಮಗ ನಿನ್ನೆ ಸಂಜೆ ಜಗುಲಿಯಲ್ಲಿ ಆಡುತ್ತಾ ಒಂದು ರೂಪಾಯಿ ನಾಣ್ಯ ನುಂಗಿದ. ರಾತ್ರಿಯೇ ಪೇಟೆಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಹೊಟ್ಟೆಗೆ ಇಳಿದಿದೆ, ತಾನಾಗಿ ಹೋಗುತ್ತದೆ ಎಂದು ವೈದ್ಯರು ಮನೆಗೆ ಕಳಿಸಿದರು. ಅವನೇನೋ ಉಂಡು ಕುಣಿಯುತ್ತಿದ್ದಾನೆ, ನಿದ್ದೆ ಇಲ್ಲದಿರುವುದು ನನಗೆ. ಅತ್ತೆಯವರು ಗಂಟೆಗೊಂದು ಬಾಳೆಹಣ್ಣು ತಿನ್ನಿಸುತ್ತಿದ್ದಾರೆ. ಇಂಥದ್ದನ್ನು ಕಂಡವರು ಹೇಳಿ, ಎಷ್ಟು ದಿನ ಕಾಯಬಹುದು? ಯಾವಾಗ ಹೆದರಬೇಕು?

ಸಿದ್ದಾಪುರದಿಂದ:
ತಂಗೀ, ಹೊಟ್ಟೆಗೆ ಇಳಿದಿದೆ ಎಂದ ಮೇಲೆ ದೊಡ್ಡ ಗಂಡಾಂತರ ಕಳೆಯಿತು. ನಾಣ್ಯ ಸಿಕ್ಕಿಕೊಳ್ಳುವುದಿದ್ದರೆ ಹೆಚ್ಚಾಗಿ ಅನ್ನನಾಳದಲ್ಲೇ. ನನ್ನ ಮಗಳು ನುಂಗಿದ್ದೂ ರೂಪಾಯಿಯೇ. ರೂಪಾಯಿಯ ಅಗಲ ಹೊಸದಾದರೆ 20 ಮಿಲಿಮೀಟರ್, ಅದಕ್ಕೂ ಹಿಂದಿನದಾದರೆ ಸುಮಾರು 22. ಎರಡೂವರೆ ಸೆಂಟಿಮೀಟರಿಗಿಂತ ಅಗಲದ್ದು ಜಠರದ ಬಾಗಿಲು ದಾಟಲು ತಿಣುಕುತ್ತದೆ, ಆರು ಸೆಂಟಿಮೀಟರಿಗಿಂತ ಉದ್ದದ್ದು ಅದರಾಚೆಯ ತಿರುವಿನಲ್ಲಿ ನಿಂತುಬಿಡುತ್ತದೆ ಎಂದು ನಮ್ಮ ವೈದ್ಯರು ಲೆಕ್ಕ ಹೇಳಿದ್ದರು.

ಹುಡುಕುವುದು ಹೇಗೆಂದು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಗಳನ್ನು ಶೌಚಾಲಯಕ್ಕೆ ಬಿಡಲಿಲ್ಲ. ಕೊಟ್ಟಿಗೆಯ ಹಿಂದೆ ಅಡಿಕೆ ಹಾಳೆ ಇಟ್ಟು ಅದರ ಮೇಲೆ ಕೂರಿಸುತ್ತಿದ್ದೆ. ಹಾಳೆಯ ಅಂಚು ಮೇಲಕ್ಕೆ ಬಾಗಿರುವುದರಿಂದ ಹೊರಗೆ ಚೆಲ್ಲುವುದಿಲ್ಲ, ಕೆಲಸ ಮುಗಿದ ಮೇಲೆ ಹಾಳೆಸಮೇತ ಗೊಬ್ಬರದ ಗುಂಡಿಗೆ. ಚೊಂಬಿನಿಂದ ನೀರು ಸಣ್ಣಗೆ ಬಿಡುತ್ತಾ ಹಿಡಿಕಡ್ಡಿಯಲ್ಲಿ ಕೆದಕಬೇಕು. ಎರಡನೆಯ ದಿನ ಹುಣಸೆ ಬೀಜ ಸಿಕ್ಕಿತು, ಅದನ್ನು ಯಾವಾಗ ನುಂಗಿದ್ದಳೋ! ಆರನೆಯ ಬೆಳಗ್ಗೆ ಕಡ್ಡಿಯ ತುದಿಗೆ ಗಟ್ಟಿಯಾಗಿ ಏನೋ ತಗುಲಿತು. ಹೇಸಿಗೆ ಕೆಲಸದಲ್ಲಿ ಅಷ್ಟು ಸಂತೋಷ ಮತ್ತೆಂದೂ ಆಗಿಲ್ಲ.

ಬಾಳೆಹಣ್ಣು ಕೇಡು ಮಾಡದು, ನಾಣ್ಯವನ್ನು ದೂಡಿಕೊಂಡೂ ಹೋಗದು. ಅತ್ತೆಯವರ ಸಮಾಧಾನಕ್ಕೆ ದಿನಕ್ಕೊಂದು ಸಾಕು. ಹರಳೆಣ್ಣೆಯ ಮಾತು ಬಂದರೆ ಮಾತ್ರ ಒಪ್ಪಬೇಡಿ.

ಅಂಕೋಲೆಯಿಂದ:
ಅಕ್ಕ ಹೇಳಿದ ಸಮಾಧಾನ ನಾಣ್ಯಕ್ಕೆ ಸರಿ. ನಮ್ಮ ಮನೆಯಲ್ಲಾದದ್ದು ಬ್ಯಾಟರಿ.

ಮಗಳಿಗೆ ಆಗ ಎರಡು ವರ್ಷ. ನುಂಗಿದ್ದನ್ನು ಯಾರೂ ನೋಡಲಿಲ್ಲ. ಸಂಜೆ ಜೊಲ್ಲು ಸುರಿಸತೊಡಗಿದಳು, ನೀರು ಇಳಿಯುತ್ತಿತ್ತು, ಗಂಜಿ ಕೊಟ್ಟರೆ ಉಗುಳುತ್ತಿದ್ದಳು. ಮೊದಲು ತೋರಿಸಿದ ಕಡೆ ಎಕ್ಸ್‌ರೇಯಲ್ಲಿ ದುಂಡಗೆ ಕಂಡದ್ದಕ್ಕೆ ‘ನಾಣ್ಯ, ಬೆಳಗ್ಗೆ ನೋಡೋಣ’ ಎಂದರು. ಅದರ ಚಿತ್ರವನ್ನು ಮೊಬೈಲಿನಲ್ಲಿ ಭಾವನಿಗೆ ಕಳಿಸಿದೆ. ಫೋನಿನಲ್ಲೇ ಕೂಗಿದರು: ‘ಬಳೆಯೊಳಗೆ ಬಳೆ ಇಟ್ಟ ಹಾಗೆ ಅಂಚಿನೊಳಗೆ ಇನ್ನೊಂದು ಗೆರೆ ಇದೆ, ಅದು ಬ್ಯಾಟರಿ, ಈಗಲೇ ಹೊರಡಿ!’ ಮನೆಯಲ್ಲಿ ನೋಡಿದರೆ ಆಟಿಕೆಯ ರಿಮೋಟಿನ ಮುಚ್ಚಳ ತೆರೆದಿತ್ತು. 2032 ಎಂದು ಬರೆದಿರುತ್ತದಲ್ಲ, ಆ ಬಿಲ್ಲೆ. 20 ಮಿಲಿಮೀಟರ್ ಅಗಲ, 3.2 ದಪ್ಪ.

ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯ ಒದ್ದೆಯಲ್ಲೇ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಮಾಂಸ ಸುಡುತ್ತದೆ. ರಿಮೋಟಿಗೆ ಸಾಲದಷ್ಟು ಮುಗಿದುಹೋದ ಬ್ಯಾಟರಿಗೂ ಇಷ್ಟು ಶಕ್ತಿ ಉಳಿದಿರುತ್ತದೆ. ನಮ್ಮ ಜಿಲ್ಲೆಯವರ ಪಾಡು ಗೊತ್ತಲ್ಲ: ಘಟ್ಟದ ಮೇಲಿದ್ದರೆ ಹುಬ್ಬಳ್ಳಿ, ಕೆಳಗಿದ್ದರೆ ಮಂಗಳೂರು ಅಥವಾ ಗೋವಾ, ಆ ಎರಡು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಮಕ್ಕಳಿಗೆ ಎಂಡೋಸ್ಕೋಪಿ ಮಾಡುವವರು ಈಗ ಇದ್ದಾರೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಗಾಡಿ ಹತ್ತಿ. ನಾವು ಕೇಳದೆ ಒಂದು ಊರು ಸುಮ್ಮನೆ ಸುತ್ತಿದೆವು.

ಆ ಕಡೆಯ ವೈದ್ಯರು ದಾರಿಯಲ್ಲಿ ಜೇನು ಕೊಡಿ ಎಂದರು. ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ, ಒಟ್ಟು ಆರು ಸಲಕ್ಕಿಂತ ಹೆಚ್ಚಲ್ಲ. ಸುಡುವುದು ಸ್ವಲ್ಪ ನಿಧಾನವಾಗುತ್ತದಂತೆ. ವರ್ಷ ತುಂಬದ ಮಗುವಿಗೆ ಜೇನು ಕೂಡದು, ನುಂಗಲಾಗದ ಮಗುವಿಗೂ ಕೂಡದು, ನುಂಗಿ ಹನ್ನೆರಡು ಗಂಟೆ ದಾಟಿದ್ದರೂ ಕೂಡದು. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಲೂಬಾರದು. ನಮ್ಮಲ್ಲಿ ತುಡುವೆ ಜೇನಿನ ಬಾಟಲಿ ಕೈಗೇ ಸಿಕ್ಕಿತು. ಅಲುಗಾಡುವ ಕಾರಿನಲ್ಲಿ ಅರ್ಧ ಅವಳ ಬಾಯಿಗೆ, ಅರ್ಧ ನನ್ನ ಅಂಗಿಗೆ. ರಾತ್ರಿಯೇ ತೆಗೆದರು. ಅನ್ನನಾಳ ಸುಟ್ಟಿತ್ತು, ಎರಡು ವಾರ ಮೂಗಿನ ನಳಿಕೆಯಲ್ಲೇ ಆಹಾರ. ಈಗ ಅವಳಿಗೆ ಆರು ವರ್ಷ, ಬಂಗುಡೆ ಸಾರಿಗೆ ಜಗಳವಾಡುತ್ತಾಳೆ.

ಹೊನ್ನಾವರದಿಂದ:
ಮೇಲೆ ಕೂಗಿದ ಭಾವ ನಾನೇ. ಇಪ್ಪತ್ತಾರು ವರ್ಷ ಎಕ್ಸ್‌ರೇ ಕೋಣೆಯಲ್ಲಿ ಕಳೆದವನು.

ಲೋಹ ಕಾಣುತ್ತದೆ. ಪ್ಲಾಸ್ಟಿಕ್, ಮರದ ಚೂರು ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಎಂದರೆ ಒಳಗೆ ಏನೂ ಇಲ್ಲವೆಂದಲ್ಲ. ನುಂಗಿದಂಥದ್ದೇ ಇನ್ನೊಂದು ವಸ್ತು ಮನೆಯಲ್ಲಿದ್ದರೆ ಜೊತೆಗೆ ತನ್ನಿ, ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಕ್ಸ್‌ರೇ ಆಗುವವರೆಗೆ ಬಾಳೆಹಣ್ಣೂ ಬೇಡ, ಅನ್ನವೂ ಬೇಡ, ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಬ್ಯಾಟರಿಗೆ ಕೊಡುವ ಜೇನು ಮಾತ್ರ ಇದಕ್ಕೆ ಹೊರತು.

ಬ್ಯಾಟರಿಯಷ್ಟೇ ಹೆದರಬೇಕಾದದ್ದು ಆಟಿಕೆಯ ಅಯಸ್ಕಾಂತ. ಒಂದಕ್ಕಿಂತ ಹೆಚ್ಚು ನುಂಗಿದ್ದರೆ ಕರುಳಿನ ಎರಡು ಸುರುಳಿಗಳಲ್ಲಿ ಕುಳಿತು ಒಂದನ್ನೊಂದು ಎಳೆಯುತ್ತವೆ, ನಡುವೆ ಸಿಕ್ಕ ಕರುಳು ತೂತಾಗುತ್ತದೆ. ಮಗು ನಗುತ್ತಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಾಯಿ ತೆರೆದ ಸೇಫ್ಟಿ ಪಿನ್ನಿಗೂ ಹಾಗೆಯೇ.

ಇನ್ನೊಂದು, ‘ನುಂಗಿದೆ’ ಎನ್ನುವುದನ್ನು ಪೂರ್ತಿ ನಂಬಬೇಡಿ. ವಯಸ್ಸಾದ ಒಬ್ಬ ಅಮ್ಮ ಮೂಗುತಿಯ ತಿರುಪು ನುಂಗಿದೆನೆಂದು ಬಂದರು. ಹೊಟ್ಟೆಯಲ್ಲಿ ಕಾಣಲಿಲ್ಲ, ಹೋಗಿರಬೇಕೆಂದು ಎಲ್ಲರೂ ಸುಮ್ಮನಾದೆವು. ತಿಂಗಳಿಡೀ ಕೆಮ್ಮಿದರು. ಎದೆಯ ಎಕ್ಸ್‌ರೇ ತೆಗೆದಾಗ ತಿರುಪು ಬಲಗಡೆಯ ಶ್ವಾಸನಾಳದಲ್ಲಿ ಹೊಳೆಯುತ್ತಿತ್ತು. ನುಂಗಿದ ಗಳಿಗೆಯಲ್ಲಿ ಜೋರು ಕೆಮ್ಮು ಬಂದಿದ್ದರೆ, ಆಮೇಲೆ ಉಸಿರಿನಲ್ಲಿ ಸೀಟಿಯಂಥ ಸದ್ದಿದ್ದರೆ ಎದೆಯನ್ನೂ ನೋಡಿಸಿ.

ತಂಗೀ, ನಿಮ್ಮ ಮಗನ ವಿಷಯ: ಪದೇ ಪದೇ ವಾಂತಿ, ಹೊಟ್ಟೆ ಬಿಗಿತ ಅಥವಾ ನೋವು, ಜ್ವರ, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಹೊರಡಿ. ಎರಡು ವಾರವಾದರೂ ಬಾರದಿದ್ದರೆ ಇನ್ನೊಂದು ಎಕ್ಸ್‌ರೇ. ಅದಕ್ಕೆ ಮೊದಲು ದಿನಕ್ಕೊಂದು ತೆಗೆಸುವ ಅಗತ್ಯವಿಲ್ಲ.

ಕಾರವಾರದಿಂದ:
ನಮ್ಮ ಕಡೆಯದು ಮೀನಿನ ಮುಳ್ಳಿನ ಕಥೆ. ಅನ್ನದ ಉಂಡೆ ನುಂಗಿದರೆ ಇಳಿಯುತ್ತದೆ ಎಂದು ಮಾವ ಮೂರು ಉಂಡೆ ನುಂಗಿದರು, ಮುಳ್ಳು ಮತ್ತಷ್ಟು ಒಳಹೊಕ್ಕಿತು. ಗಂಟಲಿನ ವೈದ್ಯರು ಚಿಮಟದಲ್ಲಿ ಎರಡು ನಿಮಿಷಕ್ಕೆ ತೆಗೆದರು.

ಶಿರಸಿಯ ತಾಯಿ, ನಾಲ್ಕು ದಿನಗಳ ನಂತರ:
ಇಂದು ಬೆಳಗ್ಗೆ ಹಾಳೆಯಲ್ಲಿ ಸಿಕ್ಕಿತು! ಮನೆಯಲ್ಲಿದ್ದ ರಿಮೋಟುಗಳ ಮುಚ್ಚಳಕ್ಕೆಲ್ಲ ಇವರು ಟೇಪು ಸುತ್ತಿದ್ದಾರೆ. ಅತ್ತೆಯವರು ಮಾರಿಕಾಂಬೆಗೆ ಹರಕೆ ಹೊತ್ತಿದ್ದರಂತೆ. ಸೋಪು ಹಾಕಿ ತೊಳೆದ ಆ ನಾಣ್ಯವನ್ನೇ ಹುಂಡಿಗೆ ಹಾಕೋಣವೆಂದು ಇವರು ತಮಾಷೆ ಮಾಡಿದ್ದಕ್ಕೆ ಮಧ್ಯಾಹ್ನದಿಂದ ಅವರು ಮಾತನಾಡುತ್ತಿಲ್ಲ. ಮಗ ಅದು ತನ್ನ ರೂಪಾಯಿ, ವಾಪಸು ಕೊಡಿ ಎಂದು ಹಟ ಹಿಡಿದಿದ್ದಾನೆ.