ಸಹಾಯ ಬೇಕು: ಡೆಕೊರೇಟರ್ ಇದ್ದರೆ ನನ್ನ ಲೈಬ್ರರಿ ಕೈಕೊಡುತ್ತಿದೆ

ಪೈಥಾನ್ ಗೊತ್ತಿರುವವರು ಸ್ವಲ್ಪ ನೋಡಿ. ಒಂದು ಪುಟ್ಟ ಲೈಬ್ರರಿ ಬರೆಯುತ್ತಿದ್ದೇನೆ, ನೂರು ಸಾಲೂ ಇಲ್ಲ. ಯಾವ ಫಂಕ್ಷನ್ ಅಥವಾ ಮೆಥಡ್ ಕೊಟ್ಟರೂ ಇನ್‌ಸ್ಪೆಕ್ಟ್ ಮಾಡ್ಯೂಲಿನ ಸಿಗ್ನೇಚರ್ ಬಳಸಿ ಅದರ ಆರ್ಗ್ಯುಮೆಂಟ್‌ಗಳ ಪಟ್ಟಿ (ಸಿಗ್ನೇಚರ್) ನೋಡಿ, ಅದಕ್ಕೆ ಬೇಕಾದ ವ್ಯಾಲ್ಯೂಗಳನ್ನಷ್ಟೇ ನನ್ನ ಡಿಕ್ಷನರಿಯಿಂದ ಹೆಸರು ಹಿಡಿದು ತೆಗೆದುಕೊಂಡು ಕರೆಯುತ್ತದೆ. ಮಾಮೂಲಿ ಫಂಕ್ಷನ್, ಆಬ್ಜೆಕ್ಟಿನ ಮೆಥಡ್ ಎಲ್ಲ ಸರಿ. ಎಡವಟ್ಟು ಡೆಕೊರೇಟರ್‌ನದ್ದು, ಅಂದರೆ ಒಂದು ಫಂಕ್ಷನ್ನಿಗೆ ಹೊರಗಿನಿಂದ ಹೊದಿಕೆ ಹಾಕುವ ಕೋಡಿನದ್ದು. ಅದು ತಾನೇ ‘ಡಿಬಿ’ಯನ್ನು ಮೊದಲ ಆರ್ಗ್ಯುಮೆಂಟ್ ಆಗಿ ಕೊಡುತ್ತದೆ, ಆದರೆ ಅದರಲ್ಲಿ ವ್ರ್ಯಾಪ್ಸ್ (ಒಳಗಿನ ಫಂಕ್ಷನ್ನಿನ ಹೆಸರು, ವಿವರಗಳನ್ನು ಹೊದಿಕೆಗೂ ಅಂಟಿಸುವುದು) ಹಾಕಿರುವುದರಿಂದ ಒಳಗಿನ ಫಂಕ್ಷನ್ನಿನ ಸಿಗ್ನೇಚರ್ರೇ ಕಾಣಿಸಿ ನಾನೂ ‘ಡಿಬಿ’ ಕೊಡುತ್ತೇನೆ, ಒಂದೇ ಆರ್ಗ್ಯುಮೆಂಟ್ ಎರಡು ಸಲ ಬಂತು ಅಂತ ಟೈಪ್‌ಎರರ್. ಸಿಗ್ನೇಚರ್‌ಗೆ ಕೊಡುವ ಫಾಲೋ ವ್ರ್ಯಾಪ್ಡ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಹೊದಿಕೆಯದ್ದೇ ಬರೀ ಆರ್ಗ್ಸ್, ಕ್ವಾರ್ಗ್ಸ್ (ಏನು ಕೊಟ್ಟರೂ ತೆಗೆದುಕೊಳ್ಳುವಂಥವು) ಕಾಣುತ್ತದೆ, ಅದನ್ನಿಟ್ಟುಕೊಂಡು ಏನು ಮಾಡಲಿ? ಡೆಕೊರೇಟರ್ ಒಳಗೇ ಡಂಡರ್ ಸಿಗ್ನೇಚರ್ (__signature__) ಅಂತ ಸರಿಯಾದ ಪಟ್ಟಿ ಬರೆದಿಟ್ಟರೆ ನಡೆಯುತ್ತದೆ, ಆದರೆ ಆ ಕೋಡ್ ನನ್ನದಲ್ಲ, ಮುಟ್ಟುವ ಹಾಗಿಲ್ಲ. ಟ್ರೈ-ಎಕ್ಸೆಪ್ಟ್ ಹಾಕಿ ಎರರನ್ನು ಸುಮ್ನೆ ಮುಚ್ಚಿಹಾಕಲು ಮನಸ್ಸಿಲ್ಲ. ಬೇರೆ ದಾರಿ ಇದೆಯಾ?