‘ಚೋಮನ ದುಡಿ’ ಲೇಖನ: ಹೊಗಳಿಕೆ ಜಾಸ್ತಿ, ಉಲ್ಲೇಖ ಕಡಿಮೆ. ಹೇಗೆ ಸರಿಪಡಿಸುವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ವಿಶ್ವಕೋಶದ ‘ಚೋಮನ ದುಡಿ’ ಲೇಖನವನ್ನು ತಿದ್ದಲು ಕೂತಿದ್ದೇನೆ. ಮೇಲ್ಗಡೆ ಎರಡು ಸೂಚನೆಗಳಿವೆ: ಧಾಟಿ ಸರಿಯಿಲ್ಲ, ಉಲ್ಲೇಖ ಸಾಲದು. ಮೊದಲ ಸಾಲು ಹೀಗಿದೆ:

“ಕಡಲತೀರದ ಭಾರ್ಗವ ಶಿವರಾಮ ಕಾರಂತರ ಅಮರ ಕೃತಿಯಾದ ಚೋಮನ ದುಡಿ, ದಲಿತರ ನೋವನ್ನು ಮನಮುಟ್ಟುವಂತೆ ಚಿತ್ರಿಸಿ ಓದುಗರ ಕಣ್ಣಲ್ಲಿ ನೀರು ತರಿಸುತ್ತದೆ.”

ಇದರಲ್ಲಿ ಸುಳ್ಳೇನೂ ಇಲ್ಲ ಅಲ್ವಾ? ಹೊಗಳಿಕೆ ತೆಗೆದರೆ ಲೇಖನ ಸಪ್ಪೆಯಾಗುತ್ತದೆ ಅನಿಸುತ್ತದೆ. ಉಲ್ಲೇಖ ಅಂತ ಇರುವುದು ಎರಡು ಬ್ಲಾಗ್ ಮಾತ್ರ.

ಉತ್ತರ:
ಸುಳ್ಳಲ್ಲ, ಆದರೆ ಆ ಸಾಲು ಓದಿದವರಿಗೆ ಕಾದಂಬರಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬೇರೆ ಹತ್ತು ಕಾದಂಬರಿಗಳ ಹೆಸರು ಹಾಕಿದರೂ ಅದು ಹಾಗೇ ನಡೆಯುತ್ತದೆ. ಹೀಗೆ ಬರೆದು ನೋಡಿ:

“ಚೋಮನ ದುಡಿ ಶಿವರಾಮ ಕಾರಂತರ ಕಾದಂಬರಿ. 1933ರಲ್ಲಿ ಪ್ರಕಟವಾಯಿತು. ಎತ್ತುಗಳಿದ್ದರೂ ಉಳಲು ಭೂಮಿ ಸಿಗದ ಚೋಮ ಎಂಬ ದಲಿತ ಜೀತದಾಳಿನ ಕಥೆ ಇದು.”

ಇದರಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೂ ‘ಎತ್ತುಗಳಿದ್ದರೂ’ ಎನ್ನುವಲ್ಲೇ ಅವನ ಸಂಕಟ ಬಂದುಬಿಟ್ಟಿತು. ಕಥಾಸಾರದಲ್ಲೂ ಅಷ್ಟೇ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ, ಮುಟ್ಟಿದರೆ ಮೈಲಿಗೆ ಎಂದು ಅವನನ್ನು ಯಾರೂ ಎತ್ತುವುದಿಲ್ಲ. ಇದನ್ನು ಇದ್ದ ಹಾಗೆ ಬರೆದು ಸುಮ್ನೆ ಬಿಡಿ. ‘ಹೃದಯವಿದ್ರಾವಕ’ ಎಂದು ಸೇರಿಸಿದ ಕೂಡಲೇ ಘಟನೆ ಹಿಂದೆ ಸರಿದು ಬರೆದವರೇ ಮುಂದೆ ಬಂದು ನಿಲ್ಲುತ್ತಾರೆ.

ಮೆಚ್ಚುಗೆ ಬೇಡವೇ ಬೇಡ ಅಂತಲ್ಲ. ಯಾರು ಮೆಚ್ಚಿದರು, ಎಲ್ಲಿ ಬರೆದರು ಎಂದು ಹೇಳಿ ಹಾಕಿ. ದಲಿತರಲ್ಲದ ಲೇಖಕರು ದಲಿತರ ಬದುಕನ್ನು ಎಷ್ಟರಮಟ್ಟಿಗೆ ಹಿಡಿಯಬಲ್ಲರು ಎಂಬ ಚರ್ಚೆ ಕನ್ನಡ ವಿಮರ್ಶೆಯಲ್ಲಿದೆ. ಈ ಕಾದಂಬರಿಯನ್ನು ಹಿಡಿದು ಹಾಗೆ ಚರ್ಚಿಸಿದ ಬರಹ ಹುಡುಕಿ ಅದನ್ನೂ ಸೇರಿಸಿ. ನನ್ನ ಪ್ರಕಾರ ಲೇಖನಕ್ಕೆ ನಿಜವಾದ ತೂಕ ಬರುವುದು ಅಲ್ಲಿಂದ.

ಬ್ಲಾಗ್‌ಗಳ ವಿಷಯ: ಅದರ ಒಂದು ಸಾಲನ್ನು ಹಾಗೇ ಎತ್ತಿಕೊಂಡು ನಿಮ್ಮ ಲೇಖನದ ಹಳೆಯ ಆವೃತ್ತಿಗಳಲ್ಲಿ ಹುಡುಕಿ. ಬ್ಲಾಗ್ ಬರುವ ಮೊದಲೇ ಆ ಸಾಲು ಅಲ್ಲಿದ್ದರೆ, ಬ್ಲಾಗಿನವರು ವಿಶ್ವಕೋಶದಿಂದಲೇ ನಕಲು ಮಾಡಿದ್ದಾರೆ. ಆಗ ನಿಮ್ಮ ಮಾತಿಗೆ ನೀವೇ ಸಾಕ್ಷಿ ಹೇಳಿದಂತೆ. ಅಂಥದ್ದನ್ನು ತೆಗೆದುಬಿಡಿ.

ಮತ್ತೆ ಪ್ರಶ್ನೆ:
ತುಂಬಾ ಉಪಕಾರ. ಕಥಾಸಾರಕ್ಕೂ ಸಾಲು ಸಾಲಿಗೆ ಉಲ್ಲೇಖ ಬೇಕಾ? ಇನ್ನೊಂದು, ‘ಪ್ರಶಸ್ತಿಗಳು’ ಭಾಗದಲ್ಲಿ ಸ್ವರ್ಣಕಮಲ, ಜ್ಞಾನಪೀಠ ಎರಡೂ ಇವೆ. ಅವಕ್ಕೆ ಆಧಾರ ಎಲ್ಲಿ ಸಿಗುತ್ತದೆ?

ಉತ್ತರ:
ಎರಡೂ ಈ ಕಾದಂಬರಿಗೆ ಬಂದವಲ್ಲ, ಆ ಭಾಗವನ್ನೇ ತೆಗೆಯಿರಿ. ಸ್ವರ್ಣಕಮಲ ಸಿನಿಮಾಗಳ ರಾಷ್ಟ್ರಪ್ರಶಸ್ತಿ, ಅದು ಬಂದಿದ್ದು ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾಕ್ಕೆ. ಚೋಮನಾಗಿ ನಟಿಸಿದ ವಾಸುದೇವ ರಾವ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಇವನ್ನು ‘ಸಿನಿಮಾ’ ಎಂಬ ಚಿಕ್ಕ ಭಾಗ ಮಾಡಿ ಅಲ್ಲಿ ಹಾಕಿ. ಇಬ್ಬರು ಕಾರಂತರು ಬರುವುದರಿಂದ ಅಲ್ಲಿ ಬರೀ ‘ಕಾರಂತರು’ ಎನ್ನಬೇಡಿ, ಓದುಗರು ಗೊಂದಲಕ್ಕೆ ಬೀಳುತ್ತಾರೆ. ಜ್ಞಾನಪೀಠದ ಜೊತೆ ಹೇಳುವ ಕೃತಿ ‘ಮೂಕಜ್ಜಿಯ ಕನಸುಗಳು’. ಅದು ಲೇಖಕರ ಪುಟದಲ್ಲಿದ್ದರೆ ಸಾಕು.

ಕಥೆಯಲ್ಲಿ ಏನಾಯಿತು ಎನ್ನುವುದಕ್ಕೆ ಕಾದಂಬರಿಯೇ ಆಧಾರ, ಸಾಲು ಸಾಲಿಗೆ ಬೇಡ. ಅದರ ಅರ್ಥ ಏನು ಎಂದು ಹೇಳುವಾಗ ಮಾತ್ರ ವಿಮರ್ಶಕರ ಬರಹ ಬೇಕೇ ಬೇಕು. ದುಡಿ ಬಾರಿಸುತ್ತಾ ಚೋಮ ಸಾಯುತ್ತಾನೆ ಎಂದು ನೀವೇ ಬರೆಯಬಹುದು. ಆ ದುಡಿ ಅವನ ಪ್ರತಿಭಟನೆಯ ದನಿ ಎಂದರೆ ಯಾರು ಹಾಗೆಂದರು ಎಂಬುದೂ ಜೊತೆಗಿರಬೇಕು.

ಪುಟಸಂಖ್ಯೆ ಕೊಡುವಾಗ ಪ್ರಕಾಶಕರು, ಮುದ್ರಣದ ವರ್ಷ ಎರಡನ್ನೂ ಹಾಕಿ. ಇದು ಮತ್ತೆ ಮತ್ತೆ ಅಚ್ಚಾದ ಪುಸ್ತಕ, ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ಮೊದಲ ಮುದ್ರಣಕ್ಕೆ ಐಎಸ್‌ಬಿಎನ್ (ಪುಸ್ತಕದ ಗುರುತುಸಂಖ್ಯೆ) ಹುಡುಕಲು ಹೋಗಬೇಡಿ, 1933ರಲ್ಲಿ ಆ ಪದ್ಧತಿಯೇ ಇರಲಿಲ್ಲ. ವಿಮರ್ಶೆಗೆ ಹತ್ತಿರದ ಕಾಲೇಜಿನ ಗ್ರಂಥಾಲಯದಲ್ಲಿ ಶಿವರಾಮ ಕಾರಂತರ ಬಗೆಗಿನ ಪುಸ್ತಕಗಳನ್ನು ನೋಡಿ. ಶೋಧಗಂಗಾ ತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅವುಗಳ ಕೊನೆಯ ಗ್ರಂಥಸೂಚಿಯಿಂದ ಮೂಲ ಲೇಖನಗಳ ಜಾಡು ಹಿಡಿಯಬಹುದು. ತಿದ್ದಿದ್ದನ್ನು ಚರ್ಚಾಪುಟದಲ್ಲಿ ಹಾಕಿ, ನೋಡಿ ಹೇಳುತ್ತೇನೆ.